ಬಂದು ಹೋಗುವ ದೋಷಗಳ ಚರಿತ್ರೆ

ಮೂರು ದಶಕಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದವನು ಡೇಟಾಬೇಸುಗಳ ವಿಷಯವನ್ನು ಏಕೆ ಎತ್ತಿಕೊಂಡನೆಂದು ನಿಮ್ಮಲ್ಲಿ ಕೆಲವರಿಗಾದರೂ ಆಶ್ಚರ್ಯವಾದೀತು. ಆಶ್ಚರ್ಯಪಡಬೇಕಾದ್ದೇನೂ ಇಲ್ಲ. ಶಿಲಾಶಾಸನವಿರಲಿ, ತಾಮ್ರಪಟವಿರಲಿ, ಶಾನುಭೋಗರ ಕಡತವಿರಲಿ, ದಾಖಲೆಯೊಂದು ಕೈಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಇದನ್ನು ಎಷ್ಟರಮಟ್ಟಿಗೆ ನಂಬಬಹುದು?’ ಎಂಬುದೇ ಎಂದು ಒಂಬತ್ತನೆಯ ತರಗತಿಯಲ್ಲಿ ನಾನು ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಇಂದು ನಮ್ಮ ಪಹಣಿ, ಪಿಂಚಣಿ, ಬ್ಯಾಂಕಿನ ಖಾತೆ, ಮಕ್ಕಳ ಅಂಕಪಟ್ಟಿ ಎಲ್ಲವೂ ಡೇಟಾಬೇಸುಗಳಲ್ಲಿವೆ. ಶಾಸನಕ್ಕೆ ಕೇಳುವ ಪ್ರಶ್ನೆಯನ್ನು ಇವುಗಳಿಗೂ ಕೇಳಬೇಕಲ್ಲವೇ? ಹಾಗೆ ಕೇಳಿದವರ ಚರಿತ್ರೆಯೊಂದಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಅದೇ ಕ್ಷೇತ್ರದಲ್ಲಿದ್ದರೂ ಅದರ ಚರಿತ್ರೆಯನ್ನು ಮಾತ್ರ ಓದಿಲ್ಲವೆಂಬುದು ಅವರೊಡನೆ ಮಾತನಾಡಿದಾಗ ನನಗೆ ತಿಳಿಯಿತು. ಅವರಿಗಾಗಿಯೂ, ಕಂಪ್ಯೂಟರಿನ ಗೊಡವೆಯೇ ಬೇಡವೆನ್ನುವ ನಮ್ಮ ಬಂಧುಗಳಿಗಾಗಿಯೂ ಈ ಬರಹ.

ಯಂತ್ರಗಳ ದೋಷಗಳಲ್ಲಿ ಎರಡು ಬಗೆ. ಸುಟ್ಟುಹೋದ ಬಲ್ಬಿನಂತೆ ಕೆಟ್ಟು ಕೆಟ್ಟೇ ಉಳಿಯುವುದು ಒಂದು. ಅದನ್ನು ಗುರುತಿಸುವುದು ಸುಲಭ, ಬದಲಿಸಿದರೆ ಮುಗಿಯಿತು. ಇನ್ನೊಂದು, ಬಂದು ಹೋಗುವ ದೋಷ. ಕ್ಷಣಮಾತ್ರ ಬಂದು, ಮಾಡಬೇಕಾದ ಹಾನಿಯನ್ನು ಮಾಡಿ, ಕುರುಹು ಬಿಡದೆ ಮರೆಯಾಗುತ್ತದೆ. ಮನೆಯಲ್ಲಿ ಪ್ರಾಣ ಹಿಂಡುವ ನೋವು ವೈದ್ಯರ ಮುಂದೆ ಕುಳಿತೊಡನೆ ಮಾಯವಾಗುವುದಿಲ್ಲವೇ, ಹಾಗೆ. ಜಾಲದ ತಂತಿಯಲ್ಲಿ ಅರೆಕ್ಷಣದ ಅಡಚಣೆ, ಡಿಸ್ಕಿನಲ್ಲಿ ಒಂದೇ ಒಂದು ಬರಹದ ವೈಫಲ್ಯ, ಸ್ಮೃತಿಕೋಶದಲ್ಲಿ ಸೊನ್ನೆಯಿದ್ದುದು ಒಂದಾಗುವುದು, ಇವೆಲ್ಲ ಆ ಜಾತಿಗೆ ಸೇರಿದವು. ಪರೀಕ್ಷಿಸಲು ಹೋದಾಗ ಯಂತ್ರ ಸರಿಯಾಗಿಯೇ ಇರುತ್ತದೆ.

ಸ್ಮೃತಿಕೋಶದ ಈ ವಿಚಿತ್ರಕ್ಕೆ ಕಾರಣ ಹುಡುಕಿದ ಕಥೆ ಸ್ವಾರಸ್ಯವಾದುದು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಇಂಟೆಲ್ ಸಂಸ್ಥೆಯ ಸ್ಮೃತಿಚಿಪ್ಪುಗಳಲ್ಲಿ ಕಾರಣವಿಲ್ಲದೆ ತಪ್ಪುಗಳು ಕಾಣಿಸಿಕೊಳ್ಳತೊಡಗಿದವು. ಅದೇ ಚಿಪ್ಪಿಗೆ ಮತ್ತೆ ಬರೆದರೆ ಸರಿಯಾಗಿಯೇ ಇಟ್ಟುಕೊಳ್ಳುತ್ತಿತ್ತು. ತಿಮೊಥಿ ಮೇ ಮತ್ತು ಮರ್ರೆ ವುಡ್ಸ್ ಎಂಬಿಬ್ಬರು 1978ರಲ್ಲಿ ಇದರ ಮೂಲವನ್ನು ತೋರಿಸಿಕೊಟ್ಟರು. ಚಿಪ್ಪನ್ನು ಹೊದಿಸಿದ್ದ ಪಿಂಗಾಣಿ ಕವಚದಲ್ಲೇ ಅತ್ಯಲ್ಪ ಪ್ರಮಾಣದ ಯುರೇನಿಯಮ್, ಥೋರಿಯಮ್ ಇದ್ದು, ಅವುಗಳಿಂದ ಹೊಮ್ಮಿದ ಆಲ್ಫಾ ಕಣಗಳು ಸ್ಮೃತಿಯಲ್ಲಿದ್ದ ವಿದ್ಯುದಂಶವನ್ನು ಕದಲಿಸುತ್ತಿದ್ದವು. ರಕ್ಷಣೆಗೆಂದು ಹೊದಿಸಿದ್ದೇ ಶತ್ರುವಾಗಿತ್ತು! ಮರುವರ್ಷ, 1979ರಲ್ಲಿ, ಐಬಿಎಮ್‌ನ ಜೇಮ್ಸ್ ಝೀಗ್ಲರ್ ಮತ್ತು ಯೇಲ್ ವಿಶ್ವವಿದ್ಯಾನಿಲಯದ ವಿಲಿಯಮ್ ಲ್ಯಾನ್‌ಫರ್ಡ್ ಆಕಾಶದಿಂದ ಬರುವ ವಿಶ್ವಕಿರಣಗಳೂ ಇದೇ ಕೆಲಸ ಮಾಡಬಲ್ಲವೆಂದು ವಾದಿಸಿದರು. ಮಾತಿನಲ್ಲಿ ವಾದಿಸಿದರೆ ಸಾಲದಲ್ಲ. ಐಬಿಎಮ್ ತಂಡದವರು ಚಿಪ್ಪುಗಳನ್ನು ಕೊಲರಾಡೋದ ಲೆಡ್‌ವಿಲ್ ಎಂಬ, ಸುಮಾರು 3,100 ಮೀಟರ್ ಎತ್ತರದ ಊರಿಗೆ ಒಯ್ದರು. ತಪ್ಪುಗಳು ಹಲವು ಪಟ್ಟು ಹೆಚ್ಚಿದವು. ನೆಲದಡಿಯಲ್ಲಿ ಬಂಡೆಯ ಮರೆಯಲ್ಲಿ ಇರಿಸಿದಾಗ ಬಹುಮಟ್ಟಿಗೆ ಮರೆಯಾದವು.

ನಮ್ಮ ಕೋಲಾರದ ಚಿನ್ನದ ಗಣಿಗೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಭೌತವಿಜ್ಞಾನಿಗಳು ತಮ್ಮ ಉಪಕರಣಗಳನ್ನು ಇಳಿಸಿದ್ದುದೂ ಈ ವಿಶ್ವಕಿರಣಗಳಿಂದ ಮರೆ ಪಡೆಯಲೆಂದೇ. 1965ರಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಅಲ್ಲಿ ಸಿಕ್ಕಿತು. ಕೆ.ಜಿ.ಎಫ್. ಎಂದರೆ ಈಗಿನ ಮಕ್ಕಳಿಗೆ ಚಲನಚಿತ್ರವಷ್ಟೇ ನೆನಪಾಗುತ್ತದೆ. ಅದಿರಲಿ.

ಇಂಥ ಒಂದು ಬಿಟ್ ತಲೆಕೆಳಗಾದರೆ ಏನಾದೀತು? 2003ರ ಮೇ 18ರಂದು ಬೆಲ್ಜಿಯಮ್ ದೇಶದ ಚುನಾವಣೆಯಲ್ಲಿ, ಬ್ರಸೆಲ್ಸಿನ ಸ್ಕಾರ್ಬೀಕ್ ಎಂಬಲ್ಲಿ ಒಬ್ಬ ಅಭ್ಯರ್ಥಿಗೆ ಲೆಕ್ಕಕ್ಕಿಂತ 4,096 ಮತಗಳು ಹೆಚ್ಚಾಗಿ ಬಂದವು. ಎರಡನ್ನು ಹನ್ನೆರಡು ಬಾರಿ ಗುಣಿಸಿದರೆ ಬರುವ ಸಂಖ್ಯೆ ಅದು. ಅಂದರೆ, ಒಂದೇ ಒಂದು ಬಿಟ್. ಯಂತ್ರವನ್ನು ಮತ್ತೆ ಮತ್ತೆ ಪರೀಕ್ಷಿಸಿದರೂ ತಪ್ಪು ಮರುಕಳಿಸಲಿಲ್ಲ. ವಿಶ್ವಕಿರಣವೇ ಕಾರಣವಿರಬಹುದೆಂದು ಊಹಿಸಿದರೇ ಹೊರತು ಸಾಬೀತುಪಡಿಸಲಾಗಲಿಲ್ಲ. ಆ ಅಭ್ಯರ್ಥಿಗೆ ಬಂದ ಮತ ಸಾಧ್ಯವಿರುವುದಕ್ಕಿಂತ ಹೆಚ್ಚಾಗಿದ್ದುದರಿಂದ ಪ್ರಮಾದ ಬೆಳಕಿಗೆ ಬಂತು. ಮೇಲಿನ ಬಿಟ್ಟಿನ ಬದಲು ಕೆಳಗಿನದೊಂದು ತಿರುಗಿ ಎಂಟೋ ಹದಿನಾರೋ ಮತ ಹೆಚ್ಚಾಗಿದ್ದರೆ ಯಾರಿಗೆ ತಿಳಿಯುತ್ತಿತ್ತು?

ಈಗ ಡೇಟಾಬೇಸಿಗೆ ಬರೋಣ. ನಮ್ಮ ಹಳೆಯ ಅಂಗಡಿಗಳಲ್ಲಿ ಎರಡು ಪುಸ್ತಕಗಳಿರುತ್ತಿದ್ದವು. ನಡೆದದ್ದನ್ನು ನಡೆದ ಹಾಗೆಯೇ ಬರೆದುಕೊಳ್ಳುವ ದಿನವಹಿ, ಅದರಿಂದ ಹೆಸರುಹೆಸರಿಗೆ ವಿಂಗಡಿಸಿ ಏರಿಸುವ ಖಾತೆ ಪುಸ್ತಕ. ಡೇಟಾಬೇಸಿನ ಒಳಗುಟ್ಟೂ ಹೆಚ್ಚುಕಡಿಮೆ ಇದೇ. ಖಾತೆಯನ್ನು ಮುಟ್ಟುವ ಮೊದಲು ದಿನವಹಿಯಲ್ಲಿ ಬರೆ. ಅದು ಡಿಸ್ಕಿನ ಮೇಲೆ ಭದ್ರವಾಗಿ ಮೂಡಿದ ಮೇಲಷ್ಟೇ ಗಿರಾಕಿಗೆ ‘ಆಯಿತು’ ಎನ್ನು. ನಡುವೆ ವಿದ್ಯುತ್ತು ಹೋದರೆ, ಎದ್ದ ಮೇಲೆ ದಿನವಹಿಯನ್ನು ಓದಿ ಖಾತೆಯನ್ನು ಸರಿಪಡಿಸಿಕೋ. ಈ ಪುನಶ್ಚೇತನದ ಕ್ರಮಕ್ಕೆ ‘ಏರೀಸ್’ ಎಂಬ ಶಾಸ್ತ್ರೀಯ ರೂಪ ಕೊಟ್ಟು 1992ರಲ್ಲಿ ಪ್ರಕಟಿಸಿದ ಐಬಿಎಮ್ ತಂಡದ ಮೊದಲ ಹೆಸರು ಸಿ. ಮೋಹನ್ ಅವರದು. ಮದರಾಸಿನ ಐ.ಐ.ಟಿ.ಯಲ್ಲಿ ಓದಿದವರು. ‘ಆಯಿತು’ ಎಂಬ ಆ ಒಂದು ಪದವೇ ಡೇಟಾಬೇಸು ಜಗತ್ತಿಗೆ ಕೊಡುವ ವಚನ. ಆ ವಚನವನ್ನು ಬಂದು ಹೋಗುವ ದೋಷಗಳ ನಡುವೆಯೂ ಉಳಿಸಿಕೊಳ್ಳಬಲ್ಲುದೇ ಎಂಬುದೇ ನಮ್ಮ ವಿಷಯ.

ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯನಾದ ವ್ಯಕ್ತಿ ಜಿಮ್ ಗ್ರೇ. ಐಬಿಎಮ್‌ನಲ್ಲಿದ್ದು ವಹಿವಾಟು ಎಂಬ ಕಲ್ಪನೆಗೆ ಖಚಿತ ರೂಪ ಕೊಟ್ಟವರಲ್ಲಿ ಒಬ್ಬರು; 1980ರಲ್ಲಿ ಟ್ಯಾಂಡೆಮ್ ಸಂಸ್ಥೆಯನ್ನು ಸೇರಿದರು. ಒಂದು ಭಾಗ ಕೆಟ್ಟರೆ ಇನ್ನೊಂದು ಭಾಗ ಕೆಲಸ ಮುಂದುವರಿಸುವಂತಹ, ನಿಲ್ಲಬಾರದ ಯಂತ್ರಗಳನ್ನು ಬ್ಯಾಂಕುಗಳಿಗೂ ಷೇರುಪೇಟೆಗಳಿಗೂ ಮಾರುತ್ತಿದ್ದ ಸಂಸ್ಥೆ ಅದು. 1985ರಲ್ಲಿ ಗ್ರೇ ಅವರು ‘ಕಂಪ್ಯೂಟರುಗಳು ಏಕೆ ನಿಲ್ಲುತ್ತವೆ, ಅದಕ್ಕೆ ಏನು ಮಾಡಬಹುದು?’ ಎಂಬ ಅರ್ಥದ ಶೀರ್ಷಿಕೆಯಿಟ್ಟು ಒಂದು ವರದಿ ಬರೆದರು. ಏಳು ತಿಂಗಳ ಅವಧಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಯಂತ್ರಗಳ ನಿಲುಗಡೆಗಳನ್ನು ವಿಂಗಡಿಸಿ ನೋಡಿದಾಗ, ಹೊಸದರಲ್ಲಿ ಬರುವ ಬಾಲಾರಿಷ್ಟಗಳನ್ನು ಬಿಟ್ಟು ಉಳಿದವುಗಳಲ್ಲಿ 42 ಶೇಕಡಾ ನಿರ್ವಹಣೆಯ ತಪ್ಪುಗಳಿಂದ, 25 ಶೇಕಡಾ ತಂತ್ರಾಂಶದಿಂದ ಆದವು. ಯಂತ್ರಾಂಶದ ಪಾಲು 18 ಶೇಕಡಾ ಮಾತ್ರ.

ವರದಿಯಲ್ಲಿ ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ತಂತ್ರಾಂಶದ ದೋಷಗಳಿಗೆ ಗ್ರೇ ಎರಡು ಹೆಸರುಗಳನ್ನು ಬಳಸಿದರು. ನೀಲ್ಸ್ ಬೋರನ ಪರಮಾಣುವಿನಂತೆ ಘನವಾಗಿ, ನೋಡಿದಾಗಲೆಲ್ಲ ಅಲ್ಲೇ ಇರುವುದು ‘ಬೋರ್‌ಬಗ್’. ನೋಡಲು ಹೋದರೆ ನುಣುಚಿಕೊಳ್ಳುವುದು, ಹೈಸನ್‌ಬರ್ಗನ ಹೆಸರಿನಲ್ಲಿ, ‘ಹೈಸನ್‌ಬಗ್’. ಮುದ್ರಣದ ಸರದಿಯನ್ನು ನೋಡಿಕೊಳ್ಳುವ ಒಂದು ತಂತ್ರಾಂಶದ ದಾಖಲೆಗಳನ್ನು ಪರಿಶೀಲಿಸಿದಾಗ ಸಿಕ್ಕ 132 ದೋಷಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಎರಡನೆಯ ಜಾತಿಯವು! ಅಂದಮೇಲೆ ಮದ್ದು ಸರಳ: ಅರ್ಧವಾದ ವಹಿವಾಟನ್ನು ಅಳಿಸಿ, ಮತ್ತೊಮ್ಮೆ ಪ್ರಯತ್ನಿಸು. ದೋಷ ತಾನಾಗಿ ಹೋಗಿರುತ್ತದೆ, ಎರಡನೆಯ ಸಲ ಕೆಲಸ ಕೈಗೂಡುತ್ತದೆ. ಈ ‘ಮತ್ತೊಮ್ಮೆ ಪ್ರಯತ್ನಿಸು’ ಎಂಬ ಸೂತ್ರ ಮುಂದಿನ ಮೂರು ದಶಕಗಳ ತಂತ್ರಾಂಶಗಳಲ್ಲಿ ರಕ್ತಗತವಾಯಿತು. ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಬಂತು. 2007ರ ಜನವರಿ 28ರಂದು, ತಾಯಿಯ ಚಿತಾಭಸ್ಮವನ್ನು ಸಮುದ್ರದಲ್ಲಿ ವಿಸರ್ಜಿಸಲೆಂದು ಸ್ಯಾನ್ ಫ್ರಾನ್ಸಿಸ್ಕೋ ಬಳಿಯಿಂದ ಒಬ್ಬರೇ ಹಾಯಿದೋಣಿಯಲ್ಲಿ ಹೋದವರು ಹಿಂದಿರುಗಲಿಲ್ಲ. ದೋಣಿಯೂ ಸಿಗಲಿಲ್ಲ.

ಮರುಪ್ರಯತ್ನದ ಮಹಿಮೆಯನ್ನು ನಾವೆಲ್ಲ ಅನುಭವಿಸಿದ್ದೇವೆ. ಕೆಲವು ವರ್ಷಗಳ ಹಿಂದೆ ಒಂದು ಬ್ಯಾಂಕಿನ ಎಟಿಎಮ್‌ನಲ್ಲಿ ನನ್ನ ಖಾತೆಯಿಂದ ಹತ್ತು ಸಾವಿರ ರೂಪಾಯಿ ಕಡಿತವಾಯಿತು, ನೋಟುಗಳು ಮಾತ್ರ ಬರಲಿಲ್ಲ. ನಮ್ಮ ಮನೆಯವರು ಎರಡು ರಾತ್ರಿ ನಿದ್ದೆಗೆಟ್ಟರು. ಮೂರನೆಯ ದಿನ ಹಣ ತಾನಾಗಿ ಖಾತೆಗೆ ಹಿಂದಿರುಗಿತು. ಭಾರತೀಯ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನ ಸುತ್ತೋಲೆಯಲ್ಲಿ, ಇಂಥ ಹಣವನ್ನು ಐದು ದಿನಗಳೊಳಗೆ ಹಿಂದಿರುಗಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂದು ವಿಧಿಸಿದೆ. ನೆನಪಿಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ.

ಈಗ ಕಠಿಣ ಪ್ರಶ್ನೆ. ಕರೆದಾಗ ಬಾರದ ದೋಷವನ್ನು ಪರೀಕ್ಷಿಸುವುದು ಹೇಗೆ? ಬರುವವರೆಗೆ ಕಾದು ಕುಳಿತರೆ ಆಯುಷ್ಯ ಸಾಲದು. ಆದ್ದರಿಂದ ದೋಷವನ್ನು ಬೇಕೆಂದೇ ಹುಟ್ಟಿಸಬೇಕು. ಇದನ್ನು ಅತ್ಯಂತ ಶಿಸ್ತಿನಿಂದ ಮಾಡಿದ ಉದಾಹರಣೆ ನಿಮ್ಮ ಅಂಗಿಯ ಜೇಬಿನಲ್ಲಿಯೇ ಇದೆ. ನಿಮ್ಮ ಮೊಬೈಲಿನೊಳಗೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸು ಇದ್ದೇ ಇರುತ್ತದೆ. ಅಮೆರಿಕದ ರಿಚರ್ಡ್ ಹಿಪ್ ಎಂಬವರು ಅಲ್ಲಿನ ನೌಕಾಪಡೆಯ ಯುದ್ಧನೌಕೆಗಾಗಿ ತಂತ್ರಾಂಶ ಬರೆಯುತ್ತಿದ್ದಾಗ, ಡೇಟಾಬೇಸು ಸರ್ವರ್ ನಿಂತರೆ ತಮ್ಮ ಕೆಲಸವೂ ನಿಲ್ಲುವುದನ್ನು ಕಂಡು, ಸರ್ವರೇ ಬೇಡದಂಥದೊಂದನ್ನು 2000ರಲ್ಲಿ ರಚಿಸಿದರು. ಅದರ ಪರೀಕ್ಷಾ ಬರಹ ಮೂಲ ಬರಹದ ಐನೂರು ಪಟ್ಟಿಗೂ ಹೆಚ್ಚಾಗಿ ಬೆಳೆದಿದೆ.

ಅವರ ವಿಧಾನವನ್ನು ಓದಿದಾಗ ನನಗೆ ಮಗ್ಗಿ ಒಪ್ಪಿಸುವ ಮಕ್ಕಳ ನೆನಪಾಯಿತು. ಒಂದು ಕೆಲಸದಲ್ಲಿ ಡಿಸ್ಕಿಗೆ ನೂರು ಬಾರಿ ಬರೆಯಬೇಕಾಗುತ್ತದೆನ್ನಿ. ಮೊದಲು, ಒಂದನೆಯ ಬರಹ ಕೆಟ್ಟಿತೆಂದು ನಟಿಸಿ ಕೆಲಸವನ್ನು ಓಡಿಸುತ್ತಾರೆ. ಡೇಟಾಬೇಸು ಹಾಳಾಗದೆ ಉಳಿಯಿತೇ ನೋಡುತ್ತಾರೆ. ಬಳಿಕ ಎರಡನೆಯದು ಕೆಟ್ಟಿತೆಂದು. ಬಳಿಕ ಮೂರನೆಯದು. ಹೀಗೆ ಒಂದನ್ನೂ ಬಿಡದೆ ಕೊನೆಯವರೆಗೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಇಡೀ ಸುತ್ತನ್ನು ಎರಡು ಬಾರಿ ನಡೆಸುತ್ತಾರೆ. ಒಂದು ಸಲ ದೋಷ ಒಮ್ಮೆ ಮಾತ್ರ ಬಂದು ಹೋಗುತ್ತದೆ. ಇನ್ನೊಂದು ಸಲ ಬಂದದ್ದು ಹೋಗುವುದೇ ಇಲ್ಲ. ಈ ಎರಡು ಸುತ್ತುಗಳಲ್ಲಿ ಯಾವುದು ಕಷ್ಟದ್ದು ಎಂದರೆ ಬಹಳ ಜನ ಎರಡನೆಯದೆನ್ನುತ್ತಾರೆ. ನನಗೇನೋ ಮೊದಲನೆಯದೇ ಕಷ್ಟವೆನಿಸುತ್ತದೆ. ಏಕೆಂದು ಮುಂದೆ ತಿಳಿಯುತ್ತದೆ.

ಹಲವು ಯಂತ್ರಗಳಲ್ಲಿ ಹರಡಿಕೊಂಡ ಡೇಟಾಬೇಸುಗಳ ಪರೀಕ್ಷೆಗೆ 2013ರಲ್ಲಿ ಕೈಲ್ ಕಿಂಗ್ಸ್‌ಬರಿ ಎಂಬ ತರುಣ ‘ಜೆಪ್ಸೆನ್’ ಎಂಬ ಸಾಧನವನ್ನು ಹೊರತಂದರು. ಐದು ಯಂತ್ರಗಳನ್ನು ಜೋಡಿಸಿ, ಬರಹಗಳನ್ನು ಕಳುಹಿಸುತ್ತಾ, ನಡುವೆ ಜಾಲವನ್ನು ಕತ್ತರಿಸಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೂಡಿಸುವುದು. ಕೊನೆಗೆ ‘ಆಯಿತು’ ಎಂದು ಉತ್ತರ ಬಂದ ಬರಹಗಳ ಪಟ್ಟಿಯನ್ನೂ ಒಳಗೆ ಉಳಿದಿರುವುದನ್ನೂ ತಾಳೆ ನೋಡುವುದು. ಪ್ರವಾಸ ಮುಗಿಸಿ ಬಸ್ಸು ಹತ್ತುವಾಗ ನಾವು ಮಕ್ಕಳ ತಲೆ ಎಣಿಸುತ್ತಿದ್ದೆವಲ್ಲ, ಅಷ್ಟೇ ಸರಳ ತತ್ತ್ವ. ಹೆಸರಾಂತ ಹಲವು ವ್ಯವಸ್ಥೆಗಳಲ್ಲಿ ತಲೆಗಳು ಕಡಮೆ ಬಂದವು. ಜಾಹೀರಾತಿನಲ್ಲಿ ಕೊಟ್ಟ ಭರವಸೆಗೂ ಯಂತ್ರದ ನಡತೆಗೂ ಇದ್ದ ಅಂತರ ಬಯಲಾಗಿ, ಕೆಲವು ಸಂಸ್ಥೆಗಳು ಮುಂದೆ ತಾವಾಗಿಯೇ ಅವರನ್ನು ಕರೆದು ಪರೀಕ್ಷೆ ಮಾಡಿಸಿಕೊಂಡವು.

ಇನ್ನು ನಾನು ಹೇಳಬೇಕೆಂದಿದ್ದ ಮುಖ್ಯ ಪ್ರಸಂಗ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸನ್ನು ನಂಬಿಕೆಗೆ ಇನ್ನೊಂದು ಹೆಸರೆಂದೇ ಎಣಿಸುತ್ತಾರೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ 1986ರಲ್ಲಿ ಮೊಳೆತ ಯೋಜನೆಯಿಂದ ಬೆಳೆದು, ಜಗತ್ತಿನಾದ್ಯಂತದ ಸ್ವಯಂಪ್ರೇರಿತರು ಕಾಪಾಡಿಕೊಂಡು ಬಂದಿರುವಂಥದು. 2018ರ ವಸಂತದಲ್ಲಿ ಅದರ ನಿರ್ಮಾತೃಗಳಲ್ಲೊಬ್ಬರಾದ ಕ್ರೇಗ್ ರಿಂಗರ್, ಬಳಕೆದಾರರೊಬ್ಬರ ಸಂಗ್ರಹ ವ್ಯವಸ್ಥೆಯಲ್ಲಿ ಡಿಸ್ಕ್ ದೋಷವೊಂದರ ನಂತರ ದತ್ತಾಂಶ ಕೆಟ್ಟ ಪ್ರಸಂಗವನ್ನು ಬೆನ್ನಟ್ಟಿ ಹೋಗಿ, ತಮ್ಮ ಬಳಗವನ್ನೇ ದಂಗುಬಡಿಸುವ ಸಂಗತಿಯನ್ನು ಹೊರಗೆಳೆದರು.

ಅದು ಅರ್ಥವಾಗಬೇಕಾದರೆ ಒಂದು ವಿಷಯ ತಿಳಿದಿರಬೇಕು. ತಂತ್ರಾಂಶವೊಂದು ಡಿಸ್ಕಿಗೆ ಬರೆದಾಗ ಅದು ಕೂಡಲೇ ಡಿಸ್ಕಿಗೆ ಹೋಗುವುದಿಲ್ಲ. ಯಂತ್ರವನ್ನು ಆಳುವ ಕರ್ನಲ್ ಎಂಬ ಒಳತಂತ್ರಾಂಶ ಅದನ್ನು ಸ್ಮೃತಿಯಲ್ಲಿಟ್ಟುಕೊಂಡು, ಬಿಡುವಾದಾಗ ಡಿಸ್ಕಿಗೆ ಏರಿಸುತ್ತದೆ. ‘ಬಾಕಿಯಿರುವುದನ್ನೆಲ್ಲ ಈಗಲೇ ಏರಿಸು, ಏರಿಸಿದ ಮೇಲೆ ಹೇಳು’ ಎಂಬ ಆಜ್ಞೆಗೆ ಎಫ್‌ಸಿಂಕ್ ಎಂದು ಹೆಸರು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಆಗಾಗ ಈ ಆಜ್ಞೆಯನ್ನಿತ್ತು, ಖಾತೆ ಪುಸ್ತಕವೆಲ್ಲ ಡಿಸ್ಕಿಗೆ ಸೇರಿತೆಂದು ಉತ್ತರ ಬಂದ ಮೇಲೆ, ಇನ್ನು ಹಳೆಯ ದಿನವಹಿ ಬೇಡವೆಂದು ಅದನ್ನು ವಿಲೇವಾರಿ ಮಾಡುತ್ತದೆ. ಎಫ್‌ಸಿಂಕ್ ವಿಫಲವಾದರೆ? ಗ್ರೇ ಅವರ ಕಾಲದ ಸೂತ್ರವಿದೆಯಲ್ಲ: ಮತ್ತೊಮ್ಮೆ ಪ್ರಯತ್ನಿಸು. ಎರಡನೆಯ ಸಲ ‘ಸರಿ’ ಎಂದು ಉತ್ತರ ಬರುತ್ತಿತ್ತು. ದಿನವಹಿಯನ್ನು ಎಸೆಯುತ್ತಿದ್ದರು.

ಆದರೆ ಲಿನಕ್ಸ್ ಕರ್ನಲ್ ಮಾಡುತ್ತಿದ್ದುದು ಬೇರೆ. ಬರಹ ವಿಫಲವಾದಾಗ ಅದು ಆ ವಿಷಯವನ್ನು ಒಮ್ಮೆ ತಿಳಿಸಿ, ಆ ಪುಟವನ್ನು ಬಾಕಿಯ ಪಟ್ಟಿಯಿಂದಲೇ ತೆಗೆದುಹಾಕುತ್ತಿತ್ತು. ಎರಡನೆಯ ಸಲ ಕೇಳಿದಾಗ ಬಂದ ‘ಸರಿ’ ಎಂಬುದರ ಅರ್ಥ ‘ಬರೆದೆ’ ಎಂದಲ್ಲ, ‘ಬಾಕಿ ಏನೂ ಇಲ್ಲ’ ಎಂದು! ಅಂಚೆಯವನು ‘ನಿಮ್ಮ ಪತ್ರ ತಲುಪಿಸಲಾಗಲಿಲ್ಲ’ ಎಂದು ಒಮ್ಮೆ ಹೇಳಿ ಪತ್ರವನ್ನು ಹರಿದೆಸೆದನೆನ್ನಿ. ‘ಮತ್ತೊಮ್ಮೆ ನೋಡಪ್ಪಾ’ ಎಂದರೆ ಚೀಲ ತೆರೆದು ತೋರಿಸಿ ‘ಕೊಡುವ ಪತ್ರ ಒಂದೂ ಉಳಿದಿಲ್ಲ ಸ್ವಾಮಿ’ ಎನ್ನುತ್ತಾನೆ. ಅವನು ಹೇಳಿದ್ದು ಸುಳ್ಳಲ್ಲ. ಕರ್ನಲ್ ಬಳಗದವರಿಗೂ ತಮ್ಮದೇ ಸಮರ್ಥನೆಯಿತ್ತು: ಬರೆಯುತ್ತಿರುವಾಗಲೇ ಯಾರೋ ಪೆನ್‌ಡ್ರೈವನ್ನು ಕಿತ್ತುಕೊಂಡು ಹೋದರೆ, ಎಂದೆಂದಿಗೂ ಬರೆಯಲಾಗದ ಆ ಪುಟಗಳನ್ನು ಸ್ಮೃತಿಯಲ್ಲಿ ತುಂಬಿಟ್ಟುಕೊಂಡು ಯಂತ್ರವನ್ನೇ ಉಸಿರುಗಟ್ಟಿಸಬೇಕೇ? ಈ ಸಮರ್ಥನೆಯಲ್ಲಿ ನ್ಯಾಯವಿದೆಯೆಂದೇ ನನಗನಿಸುತ್ತದೆ. ಒಂದೇ ಪದವನ್ನು ಎರಡು ಬಳಗಗಳು ಎರಡು ಅರ್ಥದಲ್ಲಿ ಸುಮಾರು ಇಪ್ಪತ್ತು ವರ್ಷ ಬಳಸಿಕೊಂಡು ಬಂದಿದ್ದವು. ಡಿಸ್ಕು ಶಾಶ್ವತವಾಗಿ ಕೆಟ್ಟಿದ್ದರೆ ಮುಂದಿನ ಬರಹಗಳೂ ವಿಫಲವಾಗಿ ಗುಟ್ಟು ಎಂದೋ ರಟ್ಟಾಗುತ್ತಿತ್ತು. ದೋಷ ಬಂದು ಹೋದದ್ದರಿಂದಲೇ ಎಲ್ಲವೂ ಸರಿಯಿರುವಂತೆ ಕಂಡಿತು.

2019ರ ಫೆಬ್ರವರಿ 14ರಂದು ಬಿಡುಗಡೆಯಾದ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಆವೃತ್ತಿಗಳಲ್ಲಿ ಪರಿಹಾರ ಬಂತು. ಎಫ್‌ಸಿಂಕ್ ಒಮ್ಮೆ ವಿಫಲವಾದರೂ ಸಾಕು, ಡೇಟಾಬೇಸು ಮರುಪ್ರಯತ್ನ ಮಾಡದೆ ಬೇಕೆಂದೇ ಕುಸಿದು ಬೀಳುತ್ತದೆ. ಮತ್ತೆ ಎದ್ದು, ಇನ್ನೂ ಎಸೆಯದೆ ಉಳಿದಿರುವ ದಿನವಹಿಯಿಂದ ಎಲ್ಲವನ್ನೂ ಹೊಸದಾಗಿ ಬರೆಯುತ್ತದೆ. ನಿಲ್ಲಬಾರದು ಎಂದು ಹೊರಟ ಚರಿತ್ರೆ, ನಿಲ್ಲಬೇಕಾದಲ್ಲಿ ನಿಲ್ಲಲೇಬೇಕು ಎಂಬಲ್ಲಿಗೆ ಬಂದು ಮುಟ್ಟಿದ್ದು ವಿಚಿತ್ರವಲ್ಲವೇ? ಗ್ರೇ ಅವರ ಸೂತ್ರ ತಪ್ಪೆಂದು ಇದರಿಂದ ಹೇಳಲಾಗದು. ಅವರು ಹೇಳಿದ್ದು ವಹಿವಾಟನ್ನು ಅಳಿಸಿ ಬುಡದಿಂದ ಮತ್ತೆ ಮಾಡು ಎಂದು. ಇಲ್ಲಿ ಬುಡಕ್ಕೆ ಹೋಗದೆ ಕೊನೆಯ ಮೆಟ್ಟಿಲನ್ನು ಮಾತ್ರ ಮತ್ತೆ ಹತ್ತಿದ್ದರು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಮ್ಯಾಡಿಸನ್ ಕೇಂದ್ರದಲ್ಲಿ ಆರ್ಪಾಚಿ-ಡುಸೋ ದಂಪತಿಗಳ ಸಂಶೋಧನಾ ತಂಡವೊಂದಿದೆ. 2017ರಲ್ಲಿ ಅವರು ರೆಡಿಸ್, ಕಸ್ಯಾಂಡ್ರ, ಮಾಂಗೋಡಿಬಿ ಮುಂತಾದ ಎಂಟು ವ್ಯವಸ್ಥೆಗಳನ್ನು ತೆಗೆದುಕೊಂಡು, ಹಲವು ಪ್ರತಿಗಳಲ್ಲಿ ಒಂದೇ ಪ್ರತಿಗೆ, ಒಂದೇ ಒಂದು ದೋಷವನ್ನು ಚುಚ್ಚಿ ನೋಡಿದ್ದರು. ಉಳಿದ ಪ್ರತಿಗಳು ಸರಿಯಾಗಿದ್ದರೂ ಅವುಗಳಿಂದ ಸರಿಪಡಿಸಿಕೊಳ್ಳಲು ಎಷ್ಟೋ ಕಡೆ ಆಗಲಿಲ್ಲ; ಕೆಲವೆಡೆ ಕೆಟ್ಟದ್ದೇ ಒಳ್ಳೆಯ ಪ್ರತಿಗಳಿಗೂ ಹರಡಿತು. 2020ರಲ್ಲಿ ಅದೇ ತಂಡ ಎಫ್‌ಸಿಂಕ್ ವೈಫಲ್ಯವನ್ನೇ ಕೈಗೆತ್ತಿಕೊಂಡಿತು. ಮೂರು ಕಡತ ವ್ಯವಸ್ಥೆಗಳು. ಪೋಸ್ಟ್‌ಗ್ರೆಸ್‌ಕ್ಯೂಎಲ್, ಎಸ್‌ಕ್ಯೂಲೈಟ್, ರೆಡಿಸ್ ಸೇರಿದಂತೆ ಐದು ತಂತ್ರಾಂಶಗಳು. ಬರಹವನ್ನು ಒಮ್ಮೆ ಮಾತ್ರ ಕೆಡಿಸಿ ಆಮೇಲೆ ಸುಮ್ಮನಿರುವುದು ಪರೀಕ್ಷೆಯ ತಿರುಳು.

ಕುಸಿದು ಎದ್ದರೂ ಪೂರ್ಣ ರಕ್ಷಣೆಯಿಲ್ಲವೆಂದು ಫಲಿತಾಂಶ ಬಂತು. ತಂತ್ರಾಂಶ ಕುಸಿದರೂ ಯಂತ್ರ ಕುಸಿದಿರುವುದಿಲ್ಲವಾದ್ದರಿಂದ, ಡಿಸ್ಕಿಗೆ ತಲುಪದ ಆ ಪುಟ ಕರ್ನಲಿನ ಸ್ಮೃತಿಯಲ್ಲಿ ಇನ್ನೂ ಇರಬಹುದು. ಎದ್ದ ಡೇಟಾಬೇಸು ಅದನ್ನೇ ಓದಿ, ಎಲ್ಲವೂ ಡಿಸ್ಕಿನಲ್ಲಿದೆಯೆಂದು ಭ್ರಮಿಸಬಹುದು. ಮುಂದೆಂದೋ ಸ್ಮೃತಿ ಖಾಲಿಯಾದಾಗ ಆ ಪುಟ ಹೋಗಿಬಿಡುತ್ತದೆ. ಮರುಪ್ರಯತ್ನವಾಗಲಿ, ಕುಸಿದು ಏಳುವುದಾಗಲಿ, ಐದರಲ್ಲಿ ಯಾರೊಬ್ಬರ ಉಪಾಯವೂ ಸಂಪೂರ್ಣ ಸಾಲದೆಂದು ಅವರು ಬರೆದಿದ್ದಾರೆ.

ನಿಮ್ಮಲ್ಲಿ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇಂಥ ವ್ಯವಸ್ಥೆಗಳನ್ನು ಕಟ್ಟುವವರು, ಪರೀಕ್ಷಿಸುವವರು ಇದ್ದೀರಿ. ಬಿಡುವಾದಾಗ ಈ ಮುದುಕನಿಗೆ ನಾಲ್ಕು ಸಾಲು ಬರೆಯಿರಿ. ನಿಮ್ಮಲ್ಲಿ ಡಿಸ್ಕನ್ನು ಪೂರ್ತಿ ಕೆಡಿಸಿ ಮಾತ್ರ ನೋಡುತ್ತಾರೆಯೇ, ಇಲ್ಲವೇ ಒಮ್ಮೆ ಕೆಡಿಸಿ, ಸರಿಮಾಡಿ, ಆಮೇಲೆ ತಲೆ ಎಣಿಸುವ ಪದ್ಧತಿಯೂ ಉಂಟೇ ಎಂದು ತಿಳಿಯುವ ಕುತೂಹಲ ನನಗಿದೆ.